ಹಿಕ್ಕೆ ತೂಗಿದ ಚಳಿಗಾಲ

ಗಂಜಿಯ ವಾಸನೆಗೆ ಎದೆ ಧಸಕ್ಕೆನ್ನುವ ಹೆಂಗಸು ಈ ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು. ಕಳೆದ ವಾರ ತಂಗಿಯ ಮದುವೆಗೆ ಸೀರೆ ನೋಡಲೆಂದು ಬನಹಟ್ಟಿಗೆ ಹೋಗಿದ್ದೆವು. ಮಗ್ಗಗಳ ಸದ್ದು ತುಂಬಿದ ಓಣಿಯಲ್ಲಿ ಆಟೋ ಇಳಿದದ್ದೇ ತಡ, ಯಾರದೋ ಹಿತ್ತಲಿನಿಂದ ನೂಲಿಗೆ ಹಾಕುವ ಗಂಜಿ ಕುದಿಯುವ ವಾಸನೆ ಬಂತು. ಈಗ ಆ ಕೆಲಸವೆಲ್ಲ ಯಂತ್ರಕ್ಕೆ ಹೋಗಿದೆ ಅನ್ನುತ್ತಾರೆ, ಆದರೂ ಹಳೆಯ ಕೈಗಳಿರುವ ಕೆಲವು ಮನೆಗಳಲ್ಲಿ ಇನ್ನೂ ಬೋಗುಣಿ ಒಲೆ ಏರುತ್ತದೆ. ನಾನು ನಿಂತಲ್ಲೇ ನಿಂತೆ. ಮರುಗಳಿಗೆಗೆ ನಗು ಬಂತು. ಏನಾಯಿತೆಂದು ತಂಗಿ ಕೇಳಿದಳು. ಕುರಿ ಹಿಕ್ಕೆ ನೆನಪಾಯಿತು ಎಂದೆ. ಸೀರೆ ಅಂಗಡಿಯ ಮೆಟ್ಟಿಲ ಮೇಲೆ ಆಡುವ ಮಾತೇ ಇದು ಎನ್ನುವಂತೆ ಅವಳು ಅತ್ತಿತ್ತ ನೋಡಿ, ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದಳು.

ಆ ದಿನ ನನಗೆ ಸೀರೆಗಳು ಕಾಣಲೇ ಇಲ್ಲ. ಅಂಗಡಿಯವರು ಒಂದರ ಮೇಲೊಂದು ಬಿಚ್ಚಿ ಹಾಸುತ್ತಿದ್ದರು, ನಾನು ಹೂಂ ಹೂಂ ಅನ್ನುತ್ತಿದ್ದೆ. ಕಣ್ಣ ಮುಂದೆ ಇದ್ದದ್ದು ರನ್ನ ಬೆಳಗಲಿಯ ಅಂಚಿನಲ್ಲಿದ್ದ ಒಂದು ತಗಡಿನ ಶೆಡ್ಡು, ಅದರಲ್ಲಿ ಸಾಲಾಗಿ ನಿಂತ ಹನ್ನೆರಡು ಟಗರು ಮರಿ, ಮತ್ತು ನಾಲ್ಕು ವರ್ಷದ ಹಿಂದಿನ ಆ ಚಳಿಗಾಲ.

ನಾನು ಓದಿದ್ದು ಪಶು ಆಹಾರದ ಶಾಸ್ತ್ರ. ಓದು ಮುಗಿದ ಮೇಲೆ ಜಮಖಂಡಿಯ ಒಂದು ಪುಟ್ಟ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತ್ತು. ಎರಡು ಕೋಣೆ, ಒಂದು ತಕ್ಕಡಿ, ಒಣಗಿಸುವ ಒಂದು ಓವನ್, ಮೇಲೆ ಒಬ್ಬ ಸರ್. ನಮ್ಮ ಕಡೆಯಲ್ಲೇ ಸಿಗುವ ಸಾಮಾನಿನಿಂದ ಕುರಿಮರಿಗಳಿಗೆ ಗುಳಿಗೆ ಆಹಾರ ಮಾಡಿ ನೋಡುವುದು ಆ ವರ್ಷದ ಕೆಲಸ. ಗೋವಿನಜೋಳ, ಶೇಂಗಾ ಹಿಂಡಿ, ತೊಗರಿ ಹೊಟ್ಟು, ಗೋಧಿ ಬೂಸಾ, ಖನಿಜದ ಪುಡಿ, ಉಪ್ಪು, ಎಲ್ಲವನ್ನೂ ಹಿಡಿದಿಡಲು ಸಕ್ಕರೆ ಕಾರ್ಖಾನೆಯ ಕಾಕಂಬಿ. ಇಷ್ಟನ್ನು ಬೀಸಿ, ಕಲಸಿ, ಯಂತ್ರದಲ್ಲಿ ಒತ್ತಿದರೆ ಬೆರಳಿನ ತುದಿಯಷ್ಟು ಉದ್ದದ ಗುಳಿಗೆ ಬೀಳುತ್ತವೆ. ಅದರಲ್ಲಿ ಸಸಾರಜನಕ ಎಷ್ಟು, ನಾರು ಎಷ್ಟು, ಕೊಬ್ಬು ಎಷ್ಟು, ಸುಟ್ಟರೆ ಉಳಿಯುವ ಬೂದಿ ಎಷ್ಟು ಎಂದು ಪ್ರಯೋಗಾಲಯದಲ್ಲೇ ಗೊತ್ತಾಗುತ್ತದೆ. ಆದರೆ ಮರಿಯ ಮೈಗೆ ಎಷ್ಟು ಹತ್ತುತ್ತದೆ ಎಂಬುದು ಮರಿಯನ್ನೇ ಕೇಳಿ ತಿಳಿಯಬೇಕು. ಅದಕ್ಕೆ ಇರುವುದು ಒಂದೇ ದಾರಿ. ತಿನ್ನಲು ಕೊಟ್ಟದ್ದನ್ನು ತೂಗಬೇಕು, ಉಳಿಸಿದ್ದನ್ನು ತೂಗಬೇಕು, ಹಿಂದಿನಿಂದ ಬಂದದ್ದನ್ನು ಒಂದು ಕಾಳೂ ಬಿಡದೆ ತೂಗಬೇಕು. ಒಳಗೆ ಹೋದದ್ದರಲ್ಲಿ ಹೊರಗೆ ಬಂದದ್ದನ್ನು ಕಳೆದರೆ ಉಳಿದದ್ದು ಅರಗಿದ್ದು.

ನಮ್ಮದು ತೇರದಾಳದ ಜೈನ ಮನೆತನ. ಅಪ್ಪನದು ಶೇಂಗಾ ಹಿಂಡಿಯ ವ್ಯಾಪಾರ. ಕುರಿಮರಿಗಳ ಮೇಲೆ ಪ್ರಯೋಗ ಎಂದ ಕೂಡಲೇ ಅವ್ವ ನನ್ನ ತಾಟಿಗೆ ಹಾಕಬೇಕಿದ್ದ ರೊಟ್ಟಿಯನ್ನು ಕೈಯಲ್ಲೇ ಹಿಡಿದು ನಿಂತಳು. ಕೊಯ್ದು ನೋಡುತ್ತೀರೇನು ಎಂಬುದೊಂದೇ ಅವಳ ಪ್ರಶ್ನೆ. ಇಲ್ಲವ್ವ, ಹಿಕ್ಕೆ ತೂಗುತ್ತೇವೆ ಅಷ್ಟೇ ಎಂದೆ. ರೊಟ್ಟಿ ತಾಟಿಗೆ ಬಿತ್ತು. ಹಿಕ್ಕೆ ತೂಗಲಿಕ್ಕೆ ಇಷ್ಟು ವರ್ಷ ಓದಬೇಕಿತ್ತೇನು ಎಂದು ಅಪ್ಪ ಪೇಪರಿನ ಹಿಂದಿನಿಂದ ಕೇಳಿದರು. ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬೇಗ ಬರುತ್ತದೆ, ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಆದದ್ದಕ್ಕೆಲ್ಲ ಅದೂ ಒಂದು ಕಾರಣ.

ಮರಿಗಳನ್ನು ಕೊಟ್ಟವನು ರನ್ನ ಬೆಳಗಲಿಯ ಕುರಿಗಾರ ಮಾಳಪ್ಪಜ್ಜ. ಅರವತ್ತು ದಾಟಿದ, ಮಾತು ಕಡಿಮೆಯ, ಹೆಗಲ ಮೇಲಿನ ಕಂಬಳಿಯನ್ನು ಬಿಸಿಲಲ್ಲೂ ಇಳಿಸದ ಮನುಷ್ಯ. ಅವನ ಹೆಂಡತಿ ಲಕ್ಕವ್ವನದು ಅದಕ್ಕೆ ತದ್ವಿರುದ್ಧ, ಬಾಯಿ ಮುಚ್ಚಿದರೆ ಜ್ವರ ಬಂದಿದೆ ಎಂದೇ ತಿಳಿಯಬೇಕು. ನಾನು ಅವಳನ್ನು ಆಯಿ ಎನ್ನುತ್ತಿದ್ದೆ. ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ ಮಾಳಪ್ಪಜ್ಜ ಹಿಂಡು ಹೊಡೆದುಕೊಂಡು ಬೀಳಗಿಯ ಕಡೆ ಹೊರಡುತ್ತಿದ್ದ. ಅಲ್ಲಿ ಹಿನ್ನೀರು ಇಳಿದ ನೆಲದಲ್ಲಿ ಹಸಿರು ಚಿಗುರುತ್ತದೆ, ಮಳೆ ಬರುವವರೆಗೆ ಮೇವಿಗೆ ಚಿಂತೆಯಿಲ್ಲ. ಆದರೆ ಆ ವರ್ಷ ಅವನ ಮೊಣಕಾಲು ಎರಡೂ ಕೈಕೊಟ್ಟಿದ್ದವು. ದೊಡ್ಡ ಕುರಿಗಳನ್ನು ತಮ್ಮನ ಹಿಂಡಿಗೆ ಕೂಡಿಸಿ, ಮರಿಗಳನ್ನು ಮನೆಯಲ್ಲೇ ಗುಳಿಗೆ ಹಾಕಿ ಬೆಳೆಸಬಹುದೇ ಎಂಬುದು ಅವನ ಆಸೆ. ಊರಿನ ಉಳಿದ ಕುರಿಗಾರರದೂ ಅದೇ ಲೆಕ್ಕಾಚಾರ. ಸಂಕ್ರಾಂತಿಯ ಮರುವಾರ ಅವರ ಸಭೆಯಿತ್ತು, ಊರಿಗೊಂದು ಗುಳಿಗೆ ಯಂತ್ರ ತರಬೇಕೋ ಬೇಡವೋ ಎಂದು ಅಲ್ಲಿ ತೀರ್ಮಾನ ಆಗಬೇಕು. ಅದಕ್ಕೆ ನನ್ನ ವರದಿ ಬೇಕಿತ್ತು. ನನ್ನ ಹೆಸರಿನಲ್ಲಿ ಹೋಗುವ ಮೊದಲ ವರದಿ.

ಮೊದಲ ದಿನವೇ ಮಾಳಪ್ಪಜ್ಜ ಒಂದು ಗುಳಿಗೆಯನ್ನು ಬಾಯಿಗೆ ಹಾಕಿಕೊಂಡು ಅಗಿದು, ಉಗುಳಿ, ನನ್ನ ಮುಖ ನೋಡಿ ಹೇಳಿದ:

"ಅಕ್ಕಾರ, ಪುಸ್ತಕದ ಮಾತು ನನಗ ತಿಳಿಯೂದಿಲ್ರಿ. ನೀವು ಖರೇ ಏನೈತಿ ಅದನ್ನ ಹೇಳ್ರಿ, ನಾ ಹಂಗ ಮಾಡ್ತೇನಿ."

ಆ ಮಾತು ಕೇಳಿದಾಗ ಹೆಮ್ಮೆಯಾಗಿತ್ತು. ಅದರ ಭಾರ ಎಷ್ಟೆಂದು ತಿಳಿದದ್ದು ಆಮೇಲೆ.

ಆರು ಮರಿಗಳಿಗೆ ಗುಳಿಗೆ, ಆರು ಮರಿಗಳಿಗೆ ಅದೇ ಸಾಮಾನು ಒತ್ತದೆ ಪುಡಿಯಾಗಿಯೇ. ಹೀಗಿದ್ದರೆ ಗುಳಿಗೆ ಮಾಡುವುದರಿಂದ ಲಾಭವಿದೆಯೋ ಇಲ್ಲವೋ ಎಂಬುದು ನೇರವಾಗಿ ಕಾಣುತ್ತದೆ. ಮೂರು ವಾರ ರೂಢಿ ಮಾಡಿಸಿದೆವು. ಆಮೇಲಿನ ಏಳು ದಿನ ಎಲ್ಲ ಮರಿಗಳಿಗೂ ಉಳಿಸದೆ ತಿನ್ನುವಷ್ಟು ಒಂದೇ ಅಳತೆ ಹಾಕಿ ಹಿಕ್ಕೆ ಕೂಡಿಸುವುದು. ಅದಕ್ಕೆ ಮರಿಗಳ ಹಿಂದೆ ಚೀಲ ಕಟ್ಟಬೇಕು. ಗಂಡು ಮರಿಗಳಾದ್ದರಿಂದ ಉಚ್ಚೆ ಕೆಳಗೆ ಬೀಳುತ್ತದೆ, ಹಿಕ್ಕೆ ಮಾತ್ರ ಚೀಲಕ್ಕೆ ಸೇರುತ್ತದೆ. ಬೆಳಿಗ್ಗೆಗೊಂದು, ಸಂಜೆಗೊಂದು, ಮರಿಗೆ ಎರಡು ಚೀಲ. ಒಂದನ್ನು ಬಿಚ್ಚಿ ತೂಗಿ, ಹಿಕ್ಕೆ ಸುರಿದು, ಒಗೆದು ಒಣಹಾಕಿ ಇನ್ನೊಂದನ್ನು ಕಟ್ಟುವುದು. ಹೊರಗಿನಿಂದ ತರಿಸಿದ್ದ ಚೀಲಗಳು ಬರುವ ಲಕ್ಷಣ ಕಾಣಲಿಲ್ಲ. ಆಗ ನನಗೆ ನೆನಪಾದದ್ದು ಬನಹಟ್ಟಿಯಲ್ಲಿರುವ ನನ್ನ ಗೆಳತಿಯ ಅತ್ತಿಗೆ ಸಾವಿತ್ರಿ, ಗೆಳತಿಯ ಹಾಗೆ ನಾನೂ ಅವಳನ್ನು ವೈನಿ ಎನ್ನುತ್ತಿದ್ದೆ. ಅವರ ಮನೆಯಲ್ಲಿ ನಾಲ್ಕು ಮಗ್ಗ, ಒಂದು ಹೊಲಿಗೆ ಯಂತ್ರ. ಅಳತೆ ಕೊಟ್ಟು, ಏನಕ್ಕೆ ಎಂದು ಹೇಳಿದೆ. ವೈನಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕು ನಕ್ಕು, ಕಡೆಗೆ ಒಪ್ಪಿದಳು. ಹನ್ನೆರಡು ಹೊಲಿದು ಕೊಟ್ಟಳು. ಅಷ್ಟರಲ್ಲಿ ಮದುವೆ ಮನೆಯ ಕುಪ್ಪಸದ ಹೊಲಿಗೆ ಬಂದು ಉಳಿದದ್ದಕ್ಕೆ ಕೈ ಮುಗಿದುಬಿಟ್ಟಳು. ಜೊತೆಗೆ ಹನ್ನೆರಡು ಬಣ್ಣದ ನೂಲಿನ ಲಡಿ ಕೊಟ್ಟಳು, ಮರಿಗಳ ಗುರುತಿಗೆ ಆಗಲಿ ಎಂದು. ಉಳಿದ ಹನ್ನೆರಡು ಚೀಲಗಳನ್ನು ಲಕ್ಕವ್ವ ಆಯಿ ಹಳೆಯ ಗೋಣಿತಟ್ಟಿನಲ್ಲಿ ದಬ್ಬಣ ಹಾಕಿ ಹೊಲಿದಳು.

ಬನಹಟ್ಟಿಯ ಚೀಲಗಳನ್ನು ನೀವು ನೋಡಬೇಕಿತ್ತು. ನೆಲದ ಮೇಲಿಟ್ಟರೆ ಬುಟ್ಟಿಯ ಹಾಗೆ ತಾವೇ ನಿಲ್ಲುತ್ತಿದ್ದವು. ಬಿಳಿ ಬಟ್ಟೆ, ಅಂಚಿಗೆ ಕೆಂಪು ಹೊಲಿಗೆ. ಗೋಣಿಯವು ಮುದ್ದೆಯಾಗಿ ಬಿದ್ದಿರುತ್ತಿದ್ದವು. ಚೀಲಗಳನ್ನು ಬೆರೆಸಿ ಕಟ್ಟಬೇಕು ಎಂಬುದು ಮೊದಲ ವರ್ಷದ ವಿದ್ಯಾರ್ಥಿಗೂ ಹೊಳೆಯುವ ಮಾತು. ನಾನು ಏನು ಮಾಡಿದೆ? ಚಂದದವನ್ನೆಲ್ಲ ಗುಳಿಗೆ ತಿನ್ನುವ ಮರಿಗಳಿಗೆ ಕಟ್ಟಿದೆ. ಸರ್ ಫೋಟೋ ತೆಗೆಯಲು ಬರುವವರಿದ್ದರು, ಫೋಟೋ ತೆಗೆಯುವುದು ಗುಳಿಗೆ ಮರಿಗಳದ್ದೇ ತಾನೆ. ಕಟ್ಟುವ ಮೊದಲು ಒಂದೊಂದು ಖಾಲಿ ಚೀಲವನ್ನೂ ತೂಗಿ ಬರೆದಿಟ್ಟುಕೊಂಡೆ. ಬನಹಟ್ಟಿಯದು ಇನ್ನೂರ ಹತ್ತು ಗ್ರಾಂ ಆಸುಪಾಸು. ದಿನದಿನದ ತೂಕದಲ್ಲಿ ಅಷ್ಟನ್ನು ಕಳೆದರೆ ಉಳಿದದ್ದು ಹಿಕ್ಕೆ.

ಆ ಏಳು ದಿನ ನಾನು ಆಯಿಯ ಮನೆಯಲ್ಲೇ ಇದ್ದೆ. ಬೆಳಗಿನ ಚಳಿಗೆ ಬೆರಳು ಸೆಟೆದು ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ನಿದ್ದೆಗಣ್ಣಿನಲ್ಲಿ ಸಾಲು ಹಿಡಿದಿರುತ್ತಿದ್ದವು. ಕಾರ್ಖಾನೆಯ ಕಡೆಯಿಂದ ಗಾಳಿ ಬೀಸಿದರೆ ಊರಿಗೆ ಊರೇ ಕಾಕಂಬಿ ನಾರುತ್ತಿತ್ತು. ನಾನು ಚೀಲ ಬಿಚ್ಚುವುದು, ತೂಗುವುದು, ಒಂದು ಹಿಡಿ ಹಿಕ್ಕೆಯನ್ನು ಓವನ್ನಿಗೆಂದು ಡಬ್ಬಿಗೆ ತುಂಬುವುದು. ಉಳಿದದ್ದನ್ನೂ ಒಗೆಯುವ ಚೀಲಗಳನ್ನೂ ಆಯಿ ಒಯ್ಯುತ್ತಿದ್ದಳು. ನನ್ನದು ಒಂದೇ ಜಪ, ಒಂದು ಮರಿಯದು ಇನ್ನೊಂದರ ಜೊತೆ ಕೂಡಬಾರದು, ಕೂಡಬಾರದು. ಎರಡನೆಯ ದಿನಕ್ಕೇ ಆಯಿಗೆ ಸಾಕಾಗಿ, ಮಡಿಯ ಹೆಂಗಸರು ಸಹ ಇಷ್ಟು ಗೋಳು ಹೊಯ್ದುಕೊಳ್ಳುವುದಿಲ್ಲ ಎಂದಳು.

ಜಮಖಂಡಿಗೆ ಮರಳಿ ಒಣಗಿಸುವುದು, ಕೂಡುವುದು, ಕಳೆಯುವುದು ಮುಗಿಸುವ ಹೊತ್ತಿಗೆ ಮತ್ತೊಂದು ವಾರ ಹೋಯಿತು. ಫಲಿತಾಂಶ ನೋಡಿ ಕುರ್ಚಿಯಿಂದ ಎದ್ದು ನಿಂತೆ. ಗುಳಿಗೆ ತಿಂದ ಮರಿಗಳಲ್ಲಿ ಆಹಾರ ಎಷ್ಟೋ ಹೆಚ್ಚು ಅರಗಿತ್ತು. ಆರಕ್ಕೆ ಆರೂ ಮರಿಗಳಲ್ಲಿ. ಒತ್ತುವಾಗಿನ ಶಾಖಕ್ಕೆ ಕಾಳಿನ ಹಿಟ್ಟು ಬೆಂದು ಹದವಾಗುತ್ತದೆ, ಅದಕ್ಕೇ ಹೀಗೆ ಎಂದು ಕಾರಣವನ್ನೂ ನಾನೇ ಹುಡುಕಿಕೊಂಡೆ. ಮನಸ್ಸಿಗೆ ಬೇಕಾದ ಉತ್ತರ ಸಿಕ್ಕರೆ ಕಾರಣಕ್ಕೆ ಬರವೇ? ಸರ್ ಫೋನಿನಲ್ಲಿ ಖುಷಿಪಟ್ಟರು. ಸಭೆಗೆ ಐದು ದಿನ ಉಳಿದಿತ್ತು. ಮಾಳಪ್ಪಜ್ಜನಿಗೆ ನಾನೇ ಮೊದಲು ಹೇಳಬೇಕೆಂದು ಸ್ಕೂಟಿ ಹತ್ತಿ ಹೊರಟೆ, ದಾರಿಯಲ್ಲಿ ಮುಧೋಳದಲ್ಲಿ ಪೇಡೆಯನ್ನೂ ಕಟ್ಟಿಸಿಕೊಂಡೆ.

ಅಜ್ಜ ಪೇಡೆ ತಗೊಂಡ, ತಿನ್ನಲಿಲ್ಲ. ಹೆಚ್ಚು ಅರಗುತ್ತದೆ ಎಂದರೆ ಹಿಕ್ಕೆ ಕಡಿಮೆ ಬೀಳುತ್ತದೆ ಎಂದೇ ಎಂದು ಕೇಳಿದ. ಹೌದು ಅಜ್ಜಾ, ಅದೇ ಅಲ್ಲವೇ ಛಲೋ ಸುದ್ದಿ ಎಂದೆ. ಅವನು ಕಂಬಳಿಯನ್ನು ಸರಿಮಾಡಿಕೊಂಡು ಶೆಡ್ಡಿನ ಕಂಬಕ್ಕೆ ಒರಗಿ ಕುಳಿತ. ಹೊಸ ಸೊಸೆಯ ಎದುರು ಮಾವ ಕುಳಿತ ಹಾಗೆ, ನೆಲ ನೋಡುತ್ತ. ನನಗೆ ಪಿಚ್ಚೆನಿಸಿತು. ಮೂರು ತಿಂಗಳು ಕಷ್ಟಪಟ್ಟಿದ್ದೇನೆ, ಇವನ ಮೊಣಕಾಲಿಗೆ ಇನ್ನು ಬೀಳಗಿಯ ದಾರಿ ತಪ್ಪಿತು, ಈ ಮನುಷ್ಯನ ಮುಖದಲ್ಲಿ ಒಂದು ನಗೆ ಬೇಡವೇ? ಚಹಾ ಬಂತು. ಚಹಾ ಮುಗಿಯಿತು. ಆಮೇಲೆ ಅವನು ಮೆಲ್ಲಗೆ ಹೇಳಿದ:

"ಹಿಕ್ಕಿ ಕಡಿಮಿ ಆಗಿಲ್ರಿ ಅಕ್ಕಾರ. ನಾ ದಿನಾ ನೋಡೇನಿ. ಎರಡೂ ಕಡೆ ಅಷ್ಟ ಬಿದ್ದೈತಿ."

ನನ್ನ ಸಿಟ್ಟು ನೆತ್ತಿಗೇರಿತು. ಗ್ರಾಂ ಲೆಕ್ಕದಲ್ಲಿ ತೂಗಿದವಳು ನಾನು, ಕಣ್ಣಳತೆಯಲ್ಲಿ ಇವನು ನನಗೆ ಹೇಳುವುದೇ? ಎದ್ದು, ಶೆಡ್ಡಿನಲ್ಲೇ ಬಿಟ್ಟಿದ್ದ ದೊಡ್ಡ ತಕ್ಕಡಿಯನ್ನು ತಂದು ಅವನ ಮುಂದೆಯೇ ಇಟ್ಟೆ. ಎಷ್ಟು ಚೊಕ್ಕ ಕೆಲಸ ಮಾಡಿದ್ದೇನೆ ನೋಡು ಎನ್ನುವ ಜಂಬಕ್ಕೆ, ಮೂಲೆಯಲ್ಲಿ ಮಡಚಿಟ್ಟಿದ್ದ ಬನಹಟ್ಟಿಯ ಚೀಲವೊಂದನ್ನು ತಕ್ಕಡಿಯ ಮೇಲಿಟ್ಟು, ಇದು ಇನ್ನೂರ ಹತ್ತು, ಇಷ್ಟನ್ನು ಕಳೆದೇ ಬರೆದಿದ್ದೇನೆ ಎಂದೆ. ತಕ್ಕಡಿ ನೂರ ಎಂಬತ್ತು ತೋರಿಸಿತು.

ತಕ್ಕಡಿ ಕೆಟ್ಟಿದೆ ಅಂದುಕೊಂಡೆ. ಗೋಣಿಯ ಚೀಲ ಇಟ್ಟೆ, ಪುಸ್ತಕದಲ್ಲಿ ಬರೆದಷ್ಟೇ ಬಂತು. ಬನಹಟ್ಟಿಯ ಇನ್ನೊಂದು ಇಟ್ಟೆ, ನೂರ ಎಂಬತ್ತೆರಡು. ಮತ್ತೊಂದು, ನೂರ ಎಪ್ಪತ್ತೆಂಟು.  ಅಂಗಳ ಗುಡಿಸುತ್ತಿದ್ದ ಆಯಿ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿ, ಇದರಲ್ಲಿ ಏನು ದೊಡ್ಡ ಮಾತು ಎನ್ನುವಂತೆ ಹೇಳಿದಳು:

"ಗಂಜಿ ಹೋಗೇತಲ್ರಿ ಅಕ್ಕಾರ. ಮೊದಲನೇ ಸಲ ಒಗದಾಗ ನೀರು ಹಾಲಿನಂಗ ಆಗಿತ್ತು. ಚೆಲ್ಲೂದ್ಯಾಕಂತ ಎಮ್ಮಿಗೆ ಕುಡಿಸಿದ್ನಿ."

ನಾನು ಅಲ್ಲೇ ನೆಲಕ್ಕೆ ಕುಳಿತೆ. ಚೀಲಕ್ಕೆ ಮೂವತ್ತು ಗ್ರಾಂ ಗಂಜಿ. ಒಗೆತಕ್ಕೆ ಗಂಜಿ ಹೋಗಿದೆ, ನಾನು ಮಾತ್ರ ಹಳೆಯ ತೂಕವನ್ನೇ ಕಳೆಯುತ್ತ ಬಂದಿದ್ದೇನೆ. ದಿನಕ್ಕೆ ಎರಡು ಚೀಲ, ಅರವತ್ತು ಗ್ರಾಂ ಹಿಕ್ಕೆ ನನ್ನ ಪುಸ್ತಕದಿಂದ ಮಾಯ. ಅರ್ಧ ಕೆಜಿ ಹಿಕ್ಕೆ ಹಾಕುವ ಮರಿಯಲ್ಲಿ ಅದೇನು ಸಣ್ಣ ಮಾತೇ? ಅರಗಿದ್ದು ಗುಳಿಗೆಯಲ್ಲ, ಎಮ್ಮೆಯ ಹೊಟ್ಟೆಯಲ್ಲಿ ಬನಹಟ್ಟಿಯ ಗಂಜಿ.

ಎಲ್ಲ ದಿನಕ್ಕೂ ಅರವತ್ತು ಗ್ರಾಂ ಕೂಡಿಸಿಬಿಟ್ಟರಾಯಿತಲ್ಲ ಎನ್ನಬಹುದು. ಆದರೆ ಗಂಜಿ ಎಲ್ಲವೂ ಒಂದೇ ದಿನ ಹೋಗಿರುವುದಿಲ್ಲ. ಯಾವ ಚೀಲದ್ದು ಯಾವ ಒಗೆತಕ್ಕೆ ಎಷ್ಟು ಹೋಯಿತೆಂದು ಯಾರು ಬಲ್ಲರು? ಅಂದಾಜಿನ ಅಂಕಿಯನ್ನು ನನ್ನ ಹೆಸರಿನ ಕೆಳಗೆ ಬರೆದು, ಮೊಣಕಾಲು ನೋವಿನ ಮುದುಕನಿಗೆ ಇದೇ ಖರೇ ಎಂದು ಹೇಳಲೇ? ಮತ್ತೆ ಮೊದಲಿನಿಂದ ಮಾಡೋಣವೆಂದರೆ ಮರಿಗಳನ್ನು ಬಿಟ್ಟು ವಾರದ ಮೇಲಾಗಿತ್ತು, ಎಲ್ಲ ಒಟ್ಟಿಗೆ ಕಬ್ಬಿನ ಸೋಗೆ ಮೇಯುತ್ತಿದ್ದವು. ಸರ್‌ಗೆ ಫೋನ್ ಮಾಡಿದೆ. ಒಂದು ಉಸಿರಿನಲ್ಲಿ ಎಲ್ಲ ಹೇಳಿದೆ, ಫೋಟೋದ ಆಸೆಗೆ ಚಂದದ ಚೀಲ ಒಂದೇ ಕಡೆ ಕಟ್ಟಿದ್ದನ್ನೂ ಬಿಡಲಿಲ್ಲ. ಅವರು ಬಯ್ಯಲಿಲ್ಲ. ಬಯ್ದಿದ್ದರೆ ಸಮಾಧಾನ ಆಗುತ್ತಿತ್ತು. ದಾರಿ ಏನಾದರೂ ಇದ್ದರೆ ನೋಡು, ಇಲ್ಲದಿದ್ದರೆ ಸಭೆಯಲ್ಲಿ ನೀನೇ ಎದ್ದು ನಿಂತು ನಮ್ಮ ಹತ್ತಿರ ಉತ್ತರ ಇಲ್ಲ ಎಂದು ಹೇಳಬೇಕು ಎಂದರು.

ಸಿಟ್ಟನ್ನು ಎಲ್ಲಾದರೂ ಇಳಿಸಬೇಕಲ್ಲ. ಸೀದಾ ಬನಹಟ್ಟಿಗೆ ಹೋದೆ. ಎಷ್ಟು ಗಂಜಿ ಹಾಕಿದ್ದರೆಂದು ತಿಳಿದರೆ ಏನಾದರೂ ಲೆಕ್ಕ ಸಿಕ್ಕೀತು ಎಂಬ ಆಸೆಯೂ ಇತ್ತು. ಹಿಕ್ಕೆ ತುಂಬುವ ಚೀಲಕ್ಕೆ ಗಂಜಿ ಯಾಕೆ ಹಾಕಿದಿರಿ ಎಂದು ಬಾಗಿಲಲ್ಲೇ ಜಗಳ ತೆಗೆದೆ. ಸಾವಿತ್ರಿ ವೈನಿ ಮಗ್ಗ ನಿಲ್ಲಿಸಿ ಬಂದಳು. ಅವಳ ಮುಖದಲ್ಲಿ ತಪ್ಪು ಮಾಡಿದವರ ಭಾವವೇ ಇರಲಿಲ್ಲ, ನಾನು ಹೀಗೆ ಕೇಳಿದ್ದೇ ಅವಳಿಗೆ ಸೋಜಿಗ.

"ಸಪ್ಪನ ಬಟ್ಟಿ ಹೊಲದು ಕೊಟ್ರ ನಮ್ಮ ಮನಿ ಮಾನ ಉಳಿತೈತೇನ ಬೇ? ಹಿಕ್ಕಿ ತುಂಬ್ಲಿ, ಹೂವಾ ತುಂಬ್ಲಿ. ನೋಡಿದವರು ಇದು ಯಾರ ಮನಿ ಬಟ್ಟಿ ಅಂತ ಕೇಳ್ತಾರ."

ಎಷ್ಟು ಹಾಕಿದ್ದೆ ಎಂದದ್ದಕ್ಕೆ ತನ್ನ ಎರಡೂ ಅಂಗೈ ತೋರಿಸಿದಳು. ಅವಳ ಅತ್ತೆಯೂ ಕೈ ಅಳತೆಯಲ್ಲೇ ಹಾಕುತ್ತಿದ್ದಳಂತೆ. ಅವಳ ಜೊತೆ ಏನು ಜಗಳ ಮಾಡಲಿ? ಚೀಲ ಕೇಳುವಾಗ ಗಂಜಿ ಬೇಡ ಎಂದು ನಾನು ಹೇಳಿರಲಿಲ್ಲ, ಬನಹಟ್ಟಿಯಿಂದ ಇಪ್ಪತ್ತು ನಿಮಿಷದ ಊರಿನಲ್ಲಿ ಹುಟ್ಟಿ ಬೆಳೆದವಳು ಅದನ್ನು ಹೇಳಬೇಕಿತ್ತು. ಅವಳು ಊಟ ಹಾಕಿದಳು, ಉಂಡೆ. ಆ ರಾತ್ರಿ ತೇರದಾಳದ ಮನೆಯಲ್ಲಿ ಗಂಜಿಯಿಂದ ತೂಕ ತಪ್ಪಿದ ಕತೆಯನ್ನು ಅವ್ವನಿಗೆ ಹೇಳಿದೆ, ಅಪ್ಪ ಪೇಪರಿನ ಹಿಂದಿನಿಂದ ಕೇಳಿಸಿಕೊಂಡರು. ಮರುದಿನ ಅಪ್ಪ ಸ್ಕೂಟಿ ಒರೆಸಿ ನಿಲ್ಲಿಸಿ, ಹಿಂಡಿಯ ಮೂಟೆಯ ತೂಕ ತಪ್ಪಿದರೆ ನಾನು ಮೂಟೆಯನ್ನೇ ಮತ್ತೆ ತೂಗುತ್ತೇನೆ ಎಂದರು. ಅವರಿಗೇನು ಗೊತ್ತು, ನನ್ನ ಮೂಟೆ ಹದಿನೈದು ದಿನದ ಹಿಂದೆಯೇ ತಿಪ್ಪೆ ಸೇರಿದೆ ಎಂದುಕೊಂಡೆ.

ರನ್ನ ಬೆಳಗಲಿಗೆ ಹೋದದ್ದು ತಕ್ಕಡಿಯನ್ನು ಹೊತ್ತು ತರಲಿಕ್ಕೆ, ಅಷ್ಟೇ. ಮಾಳಪ್ಪಜ್ಜ ಮರಿಗಳ ಜೊತೆ ಹೊಲದಲ್ಲಿದ್ದ. ಆಯಿಯ ಎದುರು ಕುಳಿತು ಅಪ್ಪನ ಮಾತನ್ನು ಹೇಳಿ, ಆ ಹಿಕ್ಕೆ ಈಗ ಇದ್ದಿದ್ದರೆ ಒಣಗಿದ್ದನ್ನೇ ತೂಗಿಬಿಡುತ್ತಿದ್ದೆ ಆಯಿ, ಚೀಲವೂ ಬೇಡ, ಗಂಜಿಯೂ ಬೇಡ ಎಂದೆ. ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರು ಬಂತು.  ಲಕ್ಕವ್ವ ಆಯಿ ಮಾತಾಡದೆ ಕುಳಿತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕಡೆಗೆ ಕಳ್ಳತನ ಒಪ್ಪಿಕೊಳ್ಳುವವಳ ಹಾಗೆ ದನಿ ತಗ್ಗಿಸಿ ಹೇಳಿದಳು:

"ಬೈಯೂದಿಲ್ಲಂದ್ರ ಹೇಳ್ತೇನಿ. ಮ್ಯಾಲೆ ಮಾಳಿಗಿ ಹತ್ತಿ ನೋಡ್ರಿ."

ಏಣಿ ಹತ್ತಿದೆ. ಮಣ್ಣಿನ ಮಾಳಿಗೆಯ ಮೇಲೆ, ಚಳಿಗಾಲದ ಒಣ ಬಿಸಿಲಿನಲ್ಲಿ, ಹಳೆಯ ಸೀರೆಯ ತುಂಡುಗಳಲ್ಲಿ ಕಟ್ಟಿದ ಹನ್ನೆರಡು ಗಂಟು ಸಾಲಾಗಿ ಕುಳಿತಿದ್ದವು. ಒಂದೊಂದಕ್ಕೂ ಒಂದೊಂದು ಬಣ್ಣದ ನೂಲು. ಹಳದಿ ನೂಲಿನ ಮರಿಯ ಗಂಟಿಗೆ ಹಳದಿ, ಹಸಿರಿನದಕ್ಕೆ ಹಸಿರು. ಹಿಕ್ಕೆಯನ್ನು ಎಸೆಯುವುದು ಅವಳ ಕೈಗೆ ಗೊತ್ತೇ ಇಲ್ಲ, ಕುರಿಗಾರರ ಮನೆಯಲ್ಲಿ ಅದು ಕಾಳಿಗೆ ಸಮ. ಕೂಡಬಾರದು, ಕೂಡಬಾರದು ಎಂದು ನಾನು ಜಪಿಸಿದ್ದೆ. ತೂಗಿ ಆದ ಮೇಲೆ ಕೂಡಿಸಬಹುದು ಎಂದು ಹೇಳುವುದನ್ನು ಮರೆತಿದ್ದೆ. ಹಾಗಾಗಿ ಅವಳು ಏಳೂ ದಿನ ದಿನಕ್ಕೆ ಎರಡು ಸಲ ಏಣಿ ಹತ್ತಿ, ಬೇರೆ ಬೇರೆ ಒಣಗಿಸಿ, ಇರುವೆ ಗಾಳಿ ಮುಟ್ಟದಂತೆ ಕಟ್ಟಿಟ್ಟಿದ್ದಳು. ತಿಪ್ಪೆಗೆ ಹಾಕೆಂದು ನಾನು ಯಾವಾಗ ಹೇಳುತ್ತೇನೋ ಎಂದು ಕಾಯುತ್ತಿದ್ದಳಂತೆ. ಕೇಳಿದರೆ ಬಯ್ಯುತ್ತೇನೆಂಬ ಹೆದರಿಕೆಗೆ ಕೇಳಿರಲಿಲ್ಲ. ಏಣಿ ಇಳಿದು ಅವಳನ್ನು ತಬ್ಬಿಕೊಂಡೆ. ಅವಳು ಬಿಡ್ರಿ ಬಿಡ್ರಿ, ಕೈ ಹೊಲಸು ಅದಾವ ಎಂದು ಕೈಯನ್ನು ದೂರ ಹಿಡಿದು ನಿಂತಿದ್ದಳು.

ಅಂದು ಮಾಳಿಗೆಯ ಮೇಲೆ ತಕ್ಕಡಿ ಇಟ್ಟುಕೊಂಡು ನಾವಿಬ್ಬರೂ ಹನ್ನೆರಡು ಗಂಟು ತೂಗಿದೆವು. ಪ್ರತಿ ಗಂಟಿನಿಂದ ಒಂದು ಹಿಡಿಯನ್ನು ಜಮಖಂಡಿಗೆ ಒಯ್ದು ಓವನ್ನಿನಲ್ಲಿ ಪೂರ್ತಿ ಒಣಗಿಸಿದೆ. ಮೊದಲು ಡಬ್ಬಿಗೆ ತುಂಬಿದ್ದನ್ನೂ ಕೂಡಿಸಿ ಲೆಕ್ಕ ಹಾಕಿದೆ. ಗೋಣಿ ಚೀಲದ ಮರಿಗಳದ್ದು ನನ್ನ ಪುಸ್ತಕದ ಅಂಕಿಗೆ ಹೆಚ್ಚು ಕಡಿಮೆ ಸರಿಯಾಗಿ ಕೂತಿತು. ಅದನ್ನು ನೋಡಿದಾಗ ಈ ಗಂಟುಗಳನ್ನು ನಂಬಬಹುದು ಎಂದು ಮೊದಲ ಸಲ ಸರಿಯಾಗಿ ಉಸಿರು ಬಿಟ್ಟೆ. ಬನಹಟ್ಟಿ ಚೀಲದ ಮರಿಗಳದ್ದು ಪುಸ್ತಕಕ್ಕಿಂತ ಹೆಚ್ಚು ಬಂತು. ಎರಡು ಗುಂಪುಗಳೂ ಅಣ್ಣತಮ್ಮಂದಿರ ಹಾಗೆ ಒಂದೇ ಸಮ. ಅರಗುವುದರಲ್ಲಿ ಗುಳಿಗೆಗೂ ಪುಡಿಗೂ ಭೇದವಿಲ್ಲ. ಮಾಳಪ್ಪಜ್ಜನ ಕಣ್ಣು ಸುಳ್ಳು ಹೇಳಿರಲಿಲ್ಲ.

ಹಾಗಾದರೆ ಗುಳಿಗೆ ದಂಡವೇ ಎಂದರೆ, ಅಲ್ಲ. ಅದು ಇಷ್ಟು ದಿನ ನನ್ನ ಕಣ್ಣ ಮುಂದೆಯೇ ಇತ್ತು, ದೊಡ್ಡ ಅಂಕಿಯ ಆಸೆಯಲ್ಲಿ ನಾನೇ ನೋಡಿರಲಿಲ್ಲ. ಹೊಟ್ಟೆ ತುಂಬ ಹಾಕಿದ ಮೊದಲ ಮೂರು ವಾರ ಪುಡಿ ತಿನ್ನುವ ಮರಿಗಳು ಗೋವಿನಜೋಳದ ನುಚ್ಚನ್ನು ಆರಿಸಿ ತಿಂದು ಹೊಟ್ಟನ್ನು ಉಳಿಸುತ್ತಿದ್ದವು, ಊದಿ ಚೆಲ್ಲುತ್ತಿದ್ದವು, ಮೂಗಿಗೆ ಧೂಳು ಹೋಗಿ ಸೀನುತ್ತಿದ್ದವು. ಗುಳಿಗೆಯಲ್ಲಿ ಆರಿಸಲು ಏನಿದೆ? ತೊಟ್ಟಿ ನೆಕ್ಕಿ ಬಿಡುತ್ತಿದ್ದವು. ಅದೇ ಅರಗುವಿಕೆಯಲ್ಲಿ ಹೆಚ್ಚು ತಿಂದು ಹೆಚ್ಚು ಬೆಳೆದಿದ್ದವು. ಸರ್‌ಗೆ ಹೇಳಿದೆ. ಇದು ಮೊದಲಿನದಕ್ಕಿಂತ ಸಣ್ಣ ಮಾತು, ಆದರೆ ನಿಲ್ಲುವ ಮಾತು ಎಂದರು. ಅಂದು ಸಂಜೆ ಎಷ್ಟೋ ದಿನದ ಮೇಲೆ ಎರಡು ರೊಟ್ಟಿ ಹೆಚ್ಚು ಉಂಡೆ.

ಉಳಿದದ್ದು ಮಾಳಪ್ಪಜ್ಜನಿಗೆ ಹೇಳುವುದು. ಸಭೆಯ ಹಿಂದಿನ ದಿನ ಹೋದೆ, ಈ ಸಲ ಪೇಡೆ ಒಯ್ಯಲಿಲ್ಲ. ಹೆಚ್ಚು ಅರಗುತ್ತದೆ ಎಂದದ್ದು ತಪ್ಪು, ನೀನು ಹೇಳಿದ್ದೇ ಸರಿ, ಎರಡರದ್ದೂ ಹಿಕ್ಕೆ ಅಷ್ಟೇ ಎಂದು ಸೋತವಳ ದನಿಯಲ್ಲಿ ಹೇಳಿದೆ. ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದ ಅವನ ಕೈ ನಿಂತಿತು. ಹ್ಯಾಂಗ್ರಿ, ಇನ್ನೊಮ್ಮೆ ಹೇಳ್ರಿ ಎಂದ. ಮತ್ತೆ ಹೇಳಿದೆ. ಅವನು ಕಂಬಳಿಯನ್ನು ಹೆಗಲಿನಿಂದ ಇಳಿಸಿ, ಮಡಚಿ, ನೆಲಕ್ಕೆ ಹಾಸಿ ನನ್ನನ್ನು ಕೂರಿಸಿದ. ಎದುರಿಗೆ ತಾನೂ ಕುಳಿತು ನಗತೊಡಗಿದ.

"ಬದುಕಿಸಿದ್ರಿ ಅಕ್ಕಾರ. ನಲವತ್ತು ವರ್ಷ ಆತು, ಬೀಳಗಿ ಕಡೆ ಗೌಡರ ಹೊಲಕ್ಕ ಗೊಬ್ಬರಕ್ಕಂತ ನಮ್ಮ ಕುರಿ ಹಿಕ್ಕಿನ ಹೋಗೈತಿ. ನಮ್ಮಪ್ಪ ಕೊಟ್ಟ ಮಾತು ಅದು. ಎಲ್ಲಾ ಮರಿ ಹೊಟ್ಟ್ಯಾಗ ಅರಗಿಹೋದ್ರ, ಆ ಹೊಲಕ್ಕ ನಾ ಏನ ಒಯ್ದು ಹಾಕ್ಲಿ?"

ಆಗ ನನಗೆ ಎಲ್ಲ ಅರ್ಥವಾಯಿತು. ನಾನು ಪೇಡೆ ಹಂಚಿದ ದಿನ ಅವನು ಯಾಕೆ ನೆಲ ನೋಡಿದ್ದ, ಹಿಕ್ಕೆ ಕಡಿಮೆಯಾಗಿಲ್ಲ ಎಂದು ಯಾಕೆ ಅಷ್ಟು ಮೆಲ್ಲಗೆ ಹೇಳಿದ್ದ. ಹಿಂಡಿನ ಹಿಂದೆ ನಡೆಯದಿದ್ದರೂ, ಮನೆಯಲ್ಲೇ ಬೆಳೆದ ಮರಿಗಳ ಹಿಕ್ಕೆಯನ್ನು ಗಾಡಿಯಲ್ಲಾದರೂ ಒಯ್ದು ಹಾಕಿ ಅಪ್ಪನ ಮಾತು ಉಳಿಸಿಕೊಳ್ಳಬೇಕೆಂದಿದ್ದ. ನಾನು ಬಂದು ಹಿಕ್ಕೆಯೇ ಬೀಳುವುದಿಲ್ಲ ಎಂದಿದ್ದೆ. ಖರೇ ಏನೈತಿ ಅದನ್ನು ಹೇಳ್ರಿ ಎಂದವನು ಅವನೇ ಆದ್ದರಿಂದ ಎದುರಾಡಲೂ ಆಗದೆ, ಮೊಣಕಾಲಿಗೂ ಮಾತಿಗೂ ನಡುವೆ ಸಿಕ್ಕಿ ಅಷ್ಟೂ ದಿನ ಒದ್ದಾಡಿದ್ದ. ನನಗೆ ನಿದ್ದೆಯಿಲ್ಲದ ರಾತ್ರಿಗಳಲ್ಲಿ ಅವನಿಗೂ ನಿದ್ದೆ ಇರಲಿಲ್ಲವಂತೆ. ಆಯಿ ಒಳಗಿನಿಂದಲೇ ಕೂಗಿ ಹೇಳಿದಳು.

ಆ ವರ್ಷ ಅವನು ಬೀಳಗಿಗೆ ಹೋಗಲಿಲ್ಲ. ಯಂತ್ರ ಬಂತು, ಈಗಲೂ ಅದು ಊರಿನಲ್ಲಿ ತಿರುಗುತ್ತಿದೆ. ಸೀರೆ ಅಂಗಡಿಯಿಂದ ಹೊರಬಿದ್ದ ಮೇಲೆ ತಂಗಿಯನ್ನು ಆಟೋ ಹತ್ತಿಸಿ ನಾನು ಮಹಾಲಿಂಗಪುರದ ಬಸ್ಸು ಹಿಡಿದು ರನ್ನ ಬೆಳಗಲಿಗೆ ಹೋಗಿ ಬಂದೆ. ಅಜ್ಜ ಶೆಡ್ಡಿನ ಮುಂದೆ ಕಾಲು ಚಾಚಿ ಕುಳಿತಿದ್ದ, ಹಿಕ್ಕೆಯ ಗಾಡಿ ಗೌಡರ ಹೊಲಕ್ಕೆ ಹೊರಟಿತ್ತು. ಆಯಿ ಮಾಳಿಗೆಯಿಂದಲೇ ನನ್ನ ಗುರುತು ಹಿಡಿದು ಮಾತು ಶುರುಮಾಡಿದ್ದಳು.

ಆ ವರ್ಷ ಸಭೆಗೆ ಮುಂಚೆ ಅಜ್ಜ ನನ್ನ ವರದಿಯಲ್ಲಿ ಒಂದು ಸಾಲು ಕೂಡಿಸಲು ಹೇಳಿದ್ದ. ಸರ್ ಅದನ್ನು ಓದಿ, ವೈಜ್ಞಾನಿಕ ವರದಿಯಲ್ಲಿ ಈ ಮಾತು ಯಾಕೆ ಬೇಕು ಎಂದು ಹುಬ್ಬೇರಿಸಿ, ಆಮೇಲೆ ಇರಲಿ ಬಿಡು ಎಂದಿದ್ದರು. ಸಭೆಯಲ್ಲಿ ನಾನು ಸಸಾರಜನಕ, ನಾರು, ಬೂದಿ ಎಲ್ಲ ಓದುವಾಗ ಕುರಿಗಾರರು ಸುಮ್ಮನೆ ಕುಳಿತಿದ್ದರು. ಕಡೆಯ ಸಾಲು ಬಂತು: "ಗುಳಿಗೆ ತಿಂದ ಮರಿಗಳಲ್ಲಿ ಹಿಕ್ಕೆ ಕಡಿಮೆಯಾಗುವುದಿಲ್ಲ." ಹಿಂದಿನ ಸಾಲಿನಿಂದ ಮಾಳಪ್ಪಜ್ಜನ ದನಿ ಕೇಳಿತು.

"ಅದನ್ನ ಇನ್ನೊಮ್ಮೆ ಓದ್ರಿ ಅಕ್ಕಾರ."

ಇನ್ನೊಮ್ಮೆ ಓದಿದೆ.